ಕೈಗುಣ

ನಮ್ಮ ಮನೆಮಾತಿನಲ್ಲಿ ಕೈಗುಣವೆಂಬ ಪದವೊಂದುಂಟು. ಒಬ್ಬಾಕೆ ನೆಟ್ಟ ಮಲ್ಲಿಗೆಯ ಬಳ್ಳಿ ಚಪ್ಪರವನ್ನು ತುಂಬುವುದು. ಅದೇ ಮಣ್ಣಿನಲ್ಲಿ ಅದೇ ನೀರೆರೆದು ಇನ್ನೊಬ್ಬಾಕೆ ನೆಟ್ಟುದು ಬಾಡಿಹೋಗುವುದು. ಒಂದೇ ಬೇಳೆ, ಒಂದೇ ಹುಣಿಸೆಯ ಹಣ್ಣು, ಒಂದೇ ಸಾರಿನ ಪುಡಿ. ಆದರೂ ಅಕ್ಕನ ಸಾರಿನ ರುಚಿ ಒಂದು, ತಂಗಿಯ ಸಾರಿನ ರುಚಿ ಮತ್ತೊಂದು. ಕಾರಣವೇನೆಂದು ಕೇಳಿದರೆ ಹಿರಿಯರು 'ಕೈಗುಣ' ಎಂಬ ಒಂದೇ ಮಾತಿನಲ್ಲಿ ಉತ್ತರವನ್ನು ಮುಗಿಸಿಬಿಡುವರು. ಕಣ್ಣಿಗೆ ಕಾಣದುದೊಂದು ಕೈಯಿಂದ ವಸ್ತುವಿಗೆ ಇಳಿಯುತ್ತದೆಂಬ ನಂಬಿಕೆಯೇ ಈ ಪದದ ಬೇರು. ಆ ನಂಬಿಕೆಯನ್ನು ನಾನು ಹಾಸ್ಯಮಾಡಲಾರೆ. ಕಣ್ಣಿಗೆ ಕಾಣದುದೊಂದು ಕೈಯಿಂದ ಅನ್ನಕ್ಕೂ, ಅನ್ನದಿಂದ ಬಾಯಿಗೂ ಇಳಿಯುವುದು ನಿಜವೆಂದು ಶಾಸ್ತ್ರಜ್ಞರೇ ತೋರಿಸಿಕೊಟ್ಟಿದ್ದಾರೆ. ಆದರೆ ಅವರು ತೋರಿಸಿದುದು ರುಚಿಯನ್ನಲ್ಲ, ಜ್ವರವನ್ನು. ನಮ್ಮವರು ವಿಷಮಶೀತಜ್ವರವೆಂದು ಕರೆಯುವ, ಈಗ ಎಲ್ಲರ ಬಾಯಲ್ಲಿಯೂ ಟೈಫಾಯಿಡ್ ಎಂದೇ ರೂಢಿಯಾಗಿರುವ ಆ ಜ್ವರದ ವಿಚಾರವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಈ ಜ್ವರಕ್ಕೂ ನನಗೂ ಹಳೆಯ ಪರಿಚಯವುಂಟು. ಸುಮಾರು ಐವತ್ತು ವರ್ಷಗಳ ಹಿಂದೆ, ನಾನು ಹತ್ತು ವರ್ಷದ ಹುಡುಗನಾಗಿದ್ದಾಗ, ಅದು ನನ್ನನ್ನು ಹಾಸಿಗೆ ಹಿಡಿಸಿತ್ತು. ಬೇರೆ ಜ್ವರಗಳು ಕಳ್ಳರಂತೆ ಒಮ್ಮೆಲೇ ನುಗ್ಗುವುವು; ಇದು ಸಾಲಗಾರನಂತೆ ದಿನಕ್ಕೊಂದು ಮೆಟ್ಟಿಲು ಹತ್ತಿ ಬರುವುದು. ಮೊದಲ ದಿನ ಬರಿಯ ತಲೆನೋವು. ಎರಡನೆಯ ದಿನ ಸ್ವಲ್ಪ ಮೈ ಬಿಸಿ. ಪ್ರತಿ ಸಂಜೆಯೂ ಹಿಂದಿನ ಸಂಜೆಗಿಂತ ಒಂದಿಷ್ಟು ಹೆಚ್ಚು. ವಾರ ಕಳೆಯುವ ಹೊತ್ತಿಗೆ ರೋಗಿ ತೊಲೆಗಳನ್ನು ನೋಡುತ್ತ ತನ್ನಷ್ಟಕ್ಕೆ ತಾನೇ ಏನನ್ನೋ ಗೊಣಗುತ್ತಿರುವನು. ಟೈಫಾಯಿಡ್ ಎಂಬ ಹೆಸರಿಗೆ ಮೂಲವಾದ ಗ್ರೀಕ್ ಶಬ್ದಕ್ಕೆ ಹೊಗೆಯೆಂದೂ, ಹೊಗೆ ಕವಿದಂತಹ ಬುದ್ಧಿಯೆಂದೂ ಅರ್ಥವಂತೆ. ಅದನ್ನು ಇಟ್ಟವರು ರೋಗಿಯ ಮಗ್ಗುಲಲ್ಲಿ ಕುಳಿತು ನೋಡಿದವರೇ ಇರಬೇಕು. ನನ್ನ ಪಾಲಿಗೆ ಆಗ ಔಷಧ ಬಂದಿತ್ತು. ವೈದ್ಯರು ಕೊಟ್ಟ ಕ್ಯಾಪ್ಸೂಲುಗಳಿಂದ ಐದಾರು ದಿನಗಳಲ್ಲಿ ಮೈ ತಣ್ಣಗಾಯಿತು. ಆದರೆ ನಮ್ಮ ಅಜ್ಜಿ ಈ ಜ್ವರಕ್ಕೆ ೨೧ ದಿನದ ಅವಧಿಯುಂಟೆಂದು ಬಲ್ಲವಳಾದುದರಿಂದ, ಪೂರ್ತಿ ೨೧ ದಿನ ಗಂಜಿಯ ತಿಳಿಯನ್ನಲ್ಲದೆ ಬೇರೇನನ್ನೂ ಕೊಡಗೊಡಲಿಲ್ಲ. ಆಮೇಲೆ ತಲೆಯ ಕೂದಲೆಲ್ಲ ಉದುರಿತು. ಅಜ್ಜಿಯ ಲೆಕ್ಕ ಕುರುಡು ಲೆಕ್ಕವಾಗಿರಲಿಲ್ಲ. ಔಷಧವಿಲ್ಲದ ಕಾಲದಲ್ಲಿ ಮೂರನೆಯ ವಾರವೇ ಗಂಡಾಂತರದ ವಾರ. ಕರುಳಿನ ಹುಣ್ಣು ಒಡೆದು ರಕ್ತ ಸುರಿಯುವುದೂ, ಕರುಳೇ ತೂತುಬೀಳುವುದೂ ಆಗಲೇ. ಆ ಕಾಲದಲ್ಲಿ ಜ್ವರ ಬಿದ್ದ ಹತ್ತು ಮಂದಿಯಲ್ಲಿ ಒಬ್ಬನೋ ಇಬ್ಬರೋ ಹಾಸಿಗೆಯಿಂದ ಏಳುತ್ತಿರಲಿಲ್ಲ.

ಇದು ಎಲ್ಲಿಂದ ಬರುವುದೆಂಬ ಪ್ರಶ್ನೆಗೆ ಬಹುಕಾಲ ವಿದ್ವಾಂಸರು ಕೊಡುತ್ತಿದ್ದ ಉತ್ತರ, ಕೆಟ್ಟ ಗಾಳಿಯಿಂದ ಎಂಬುದು. ಕೊಳೆತ ತಿಪ್ಪೆ, ತೆರೆದ ಮೋರಿ, ನಿಂತ ನೀರು, ಇವುಗಳಿಂದೇಳುವ ದುರ್ಗಂಧವೇ ಜ್ವರವಾಗುವುದೆಂದು ಅವರ ಮತ. ಇದನ್ನು ಒಪ್ಪದೆ ಹೋದವನು ವಿಲಿಯಂ ಬಡ್ ಎಂಬ ಆಂಗ್ಲ ವೈದ್ಯ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ನಾರ್ತ್ ಟಾಟನ್ ಎಂಬ ಹಳ್ಳಿ ಅವನ ಹುಟ್ಟೂರು. ೧೮೩೯ನೆಯ ಜುಲೈ ತಿಂಗಳಲ್ಲಿ ಅಲ್ಲಿ ಒಂದು ಬಡವರ ಮನೆಯಲ್ಲಿ ಈ ಜ್ವರ ಕಾಣಿಸಿಕೊಂಡಿತು. ನವೆಂಬರಿನೊಳಗಾಗಿ ಎಂಬತ್ತಕ್ಕೆ ಮೀರಿದ ರೋಗಿಗಳನ್ನು ಬಡ್ ಒಬ್ಬನೇ ನೋಡಬೇಕಾಯಿತು. ಹಳ್ಳಿಯ ವೈದ್ಯನಿಗೆ ಪಟ್ಟಣದ ವೈದ್ಯನಿಗಿಲ್ಲದ ಒಂದು ಅನುಕೂಲವುಂಟು: ಯಾರು ಯಾರ ಮನೆಗೆ ಹೋದರು, ಯಾರ ಹಾಸಿಗೆಯನ್ನು ಯಾರು ಒಗೆದರು ಎಂಬುದೆಲ್ಲವೂ ಅವನಿಗೆ ಗೊತ್ತಿರುವುದು. ಆ ಊರಿಗೆ ಕೆಲಸಕ್ಕೆ ಬಂದಿದ್ದ ಮರ ಕೊಯ್ಯುವವರಿಬ್ಬರು ಜ್ವರ ಹತ್ತಿಸಿಕೊಂಡು, ಅದುವರೆಗೆ ಜ್ವರವಿಲ್ಲದ ತಮ್ಮೂರಾದ ಮಾರ್ಚರ್ಡಿಗೆ ಹಿಂದಿರುಗಿದರು. ಅವರಲ್ಲೊಬ್ಬನು ಸತ್ತನು, ಅವನ ಮಕ್ಕಳಿಬ್ಬರು ಜ್ವರ ಬಿದ್ದರು. ಮತ್ತೊಬ್ಬನನ್ನು ಹಾಸಿಗೆಯಲ್ಲಿ ಎತ್ತಿ ಕೂರಿಸಲು ನೆರವಾದ ಸ್ನೇಹಿತನೂ ಸ್ವಲ್ಪ ದಿನಗಳಲ್ಲಿ ಮಲಗಿದನು. ಬಡ್ ಹೂಡಿದ ವಾದ ಬಹು ಸರಳವಾದುದು. ಈ ಹಳ್ಳಿಗಳಲ್ಲಿ ತಿಪ್ಪೆಯೂ ಪಾಯಖಾನೆಯೂ ಹಂದಿಯ ದೊಡ್ಡಿಯೂ ವರ್ಷವರ್ಷವೂ ನಾರುತ್ತಲೇ ಇದ್ದವು, ಆದರೆ ಜ್ವರವಿರಲಿಲ್ಲ. ಜ್ವರದವನೊಬ್ಬನು ಬಂದ ಮೇಲೆಯೇ ಜ್ವರ ಬಂದಿತು. ಆದಕಾರಣ ವಿಷವು ನಾತದಲ್ಲಿಲ್ಲ. ರೋಗಿಯ ಕರುಳಿನಿಂದ ಹೊರಬೀಳುವ ಮಲದಲ್ಲಿದೆ. ಇದನ್ನೆಲ್ಲ ಕ್ರೋಡೀಕರಿಸಿದ ಅವನ ಗ್ರಂಥ ೧೮೭೩ರಲ್ಲಿ ಹೊರಬಂದಿತು. ಸೂಕ್ಷ್ಮದರ್ಶಕದ ನೆರವಿಲ್ಲದೆ, ಬರಿಯ ನೆರೆಹೊರೆಯ ಜ್ಞಾನದಿಂದ ಅವನು ಸತ್ಯವನ್ನು ಮುಟ್ಟಿದ್ದನು. ೧೮೮೦ರಲ್ಲಿ ಕಾರ್ಲ್ ಎಬರ್ಟನು ಆ ಕ್ರಿಮಿಯನ್ನು ಕಂಡನು. ೧೮೮೪ರಲ್ಲಿ ಗಾಫ್ಕಿ ಎಂಬವನು ಅದನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದನು. ಇಂದು ಅದಕ್ಕೆ ಸಾಲ್ಮೊನೆಲ್ಲಾ ಟೈಫಿ ಎಂದು ಹೆಸರು.

ಈ ಕ್ರಿಮಿಯ ನಡೆ ಆಶ್ಚರ್ಯಕರವಾದುದು. ನೀರಿನೊಡನೆಯೋ ಅನ್ನದೊಡನೆಯೋ ಬಾಯಿಗೆ ಬಿದ್ದು, ಜಠರದ ಆಮ್ಲವನ್ನು ಹೇಗೋ ದಾಟಿ, ಸಣ್ಣ ಕರುಳಿನ ಗೋಡೆಯನ್ನು ಕೊರೆದು ರಕ್ತಕ್ಕೆ ಸೇರುವುದು. ಯಕೃತ್ತು, ಪ್ಲೀಹ, ಮೂಳೆಯ ಮಜ್ಜೆ, ಇವುಗಳಲ್ಲಿ ಒಂದೆರಡು ವಾರ ಸದ್ದಿಲ್ಲದೆ ವೃದ್ಧಿಯಾಗುವುದು. ಆ ಬಳಿಕ ಮತ್ತೆ ರಕ್ತಕ್ಕೆ ನುಗ್ಗಿದಾಗಲೇ ಮೈ ಬಿಸಿಯೇರುವುದು. ಪಿತ್ತಕೋಶದ ಮೂಲಕ ಪುನಃ ಕರುಳಿಗೆ ಇಳಿದು, ಅಲ್ಲಿಂದ ಮಲದಲ್ಲಿ ಹೊರಬಿದ್ದು, ಇನ್ನೊಂದು ಬಾಯಿಗಾಗಿ ಕಾದಿರುವುದು. ಬಾವಿಯ ನೀರು, ಒಡೆದ ಕೊಳಾಯಿ, ಕಾಸದ ಹಾಲು, ನೊಣ ಕುಳಿತ ತಿಂಡಿ, ತೊಳೆಯದ ಕೈ, ಇವೆಲ್ಲವೂ ಅದಕ್ಕೆ ವಾಹನಗಳು. ಹಿಮದಲ್ಲಿಯೂ ಅದು ದಿನಗಟ್ಟಲೆ ಬದುಕಿರಬಲ್ಲುದು. ಕುದಿಯುವ ನೀರಿನಲ್ಲಿ ಮಾತ್ರ ಬದುಕಲಾರದು.

ಇದರಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಪ್ಲೇಗಿಗೆ ಇಲಿಯ ನೆವ, ಮಲೇರಿಯಕ್ಕೆ ಸೊಳ್ಳೆಯ ನೆವ, ಹುಚ್ಚಿಗೆ ನಾಯಿಯ ನೆವ. ಈ ಕ್ರಿಮಿಗೆ ಮನುಷ್ಯನೊಬ್ಬನೇ ಮನೆ. ದನದಲ್ಲಿ ಇಲ್ಲ, ಹಕ್ಕಿಯಲ್ಲಿ ಇಲ್ಲ. ಟೈಫಾಯಿಡ್ ತಗಲಿದವನು ಇನ್ನೊಬ್ಬ ಮನುಷ್ಯನ ಕರುಳಿನಿಂದ ಹೊರಬಿದ್ದುದರ ಅಂಶವನ್ನು ಎಲ್ಲಿಯೋ ಎಂದೋ ನುಂಗಿದ್ದಾನೆಂದೇ ತಿಳಿಯಬೇಕು. ಹೇಳುವುದಕ್ಕೂ ಕೇಳುವುದಕ್ಕೂ ಅಸಹ್ಯವಾದ ಮಾತು. ಆದರೆ ಇದನ್ನು ಮುಚ್ಚಿಟ್ಟು ಈ ರೋಗದ ವಿಷಯವನ್ನು ಮಾತನಾಡುವುದು ಸಾಧ್ಯವಿಲ್ಲ. ಹಾಗಾದರೆ ಆ ಇನ್ನೊಬ್ಬ ಮನುಷ್ಯನು ಯಾರು? ಈ ಪ್ರಶ್ನೆ ಹುಟ್ಟಿದೊಡನೆಯೇ ವೈದ್ಯಶಾಸ್ತ್ರವು ನ್ಯಾಯಶಾಸ್ತ್ರದ ಅಂಗಳಕ್ಕೆ ಕಾಲಿಡುವುದು.

ರೋಗಿಯೇ ಆ ಮನುಷ್ಯನಾಗಿದ್ದರೆ ತೊಡಕಿಲ್ಲ. ಹಾಸಿಗೆ ಹಿಡಿದವನನ್ನು ಎಲ್ಲರೂ ಕಾಣುವರು. ಆದರೆ ಜ್ವರದಿಂದ ಎದ್ದವರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಯ ಪಿತ್ತಕೋಶದಲ್ಲಿ ಕ್ರಿಮಿಯು ಖಾಯಮ್ಮಾಗಿ ನೆಲಸಿಬಿಡುವುದು. ಪಿತ್ತದ ಕಲ್ಲುಗಳಿದ್ದರೆ ಅವುಗಳ ಮೇಲೆ ಪಾಚಿಯಂತೆ ಹಬ್ಬಿ ಕೂರುವುದು. ಆ ಮನುಷ್ಯನಿಗೆ ನೋವಿಲ್ಲ, ಜ್ವರವಿಲ್ಲ. ಉಂಡು ಉಟ್ಟು ದುಡಿದು ನಗುತ್ತಿರುವನು. ಕೆಲವರಿಗೆ ತಮಗೆ ಎಂದಾದರೂ ಆ ಜ್ವರ ಬಂದಿತ್ತೆಂಬ ನೆನಪೂ ಇರುವುದಿಲ್ಲ. ಇಂತಹ ಆರೋಗ್ಯವಂತ ರೋಗವಾಹಕರ ಮಾತನ್ನು ಜರ್ಮನಿಯ ರಾಬರ್ಟ್ ಕಾಕ್ ೧೯೦೨ರಲ್ಲಿ ಎತ್ತಿದನು. ಅದು ಜಗತ್ತಿಗೆಲ್ಲ ತಿಳಿದುದು ಒಬ್ಬ ಅಡಿಗೆಯವಳಿಂದ.

ಮೇರಿ ಮ್ಯಾಲನ್ ೧೮೬೯ರಲ್ಲಿ ಐರ್ಲೆಂಡಿನ ಒಂದು ಬಡ ಊರಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಅಮೆರಿಕೆಗೆ ಹೋಗಿ, ನ್ಯೂಯಾರ್ಕಿನ ಶ್ರೀಮಂತರ ಮನೆಗಳಲ್ಲಿ ಅಡಿಗೆ ಮಾಡಿ ಬದುಕುತ್ತಿದ್ದವಳು. ಕೈಗುಣವುಳ್ಳವಳೆಂದು ಹೆಸರಾದುದರಿಂದ ಕೆಲಸಕ್ಕೆ ಕೊರತೆಯಿರಲಿಲ್ಲ. ೧೯೦೬ರ ಬೇಸಗೆಯಲ್ಲಿ ಆಯ್ಸ್ಟರ್ ಬೇ ಎಂಬಲ್ಲಿ ಒಬ್ಬ ಬ್ಯಾಂಕಿನ ಯಜಮಾನನ ಬಾಡಿಗೆಮನೆಯಲ್ಲಿ ಹನ್ನೊಂದು ಮಂದಿಯಿದ್ದರು. ಆಗಸ್ಟ್ ೨೭ರಿಂದ ಒಂದು ವಾರದೊಳಗೆ ಆರು ಮಂದಿ ಟೈಫಾಯಿಡಿನಿಂದ ಮಲಗಿದರು. ಮನೆಯ ಒಡೆಯನು ಮುಂದೆ ಬಾಡಿಗೆಗೆ ಯಾರೂ ಬಾರರೆಂದು ಹೆದರಿ, ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಇಂಜಿನಿಯರನ್ನು ಶೋಧನೆಗೆ ಕರೆಸಿದನು. ಮೊದಲ ಸಂದೇಹ ಯಾರ ಮೇಲೆ ಬಿದ್ದಿತೆಂಬುದನ್ನು ವಾಚಕರು ಗಮನಿಸಬೇಕು: ಕಡಲತೀರದಲ್ಲಿ ವಾಸಿಸಿ ಚಿಪ್ಪಿನ ಮೀನು ಮಾರುತ್ತಿದ್ದ, ಆ ದೇಶದ ಮೂಲನಿವಾಸಿಯಾದ ಒಬ್ಬ ಬಡ ಹೆಂಗಸಿನ ಮೇಲೆ. ಆಕೆಯಿಂದ ಕೊಂಡ ಇತರರಿಗೆ ಏನೂ ಆಗಿರಲಿಲ್ಲವಾದ್ದರಿಂದ ಸೋಪರನು ಆ ಸಂದೇಹವನ್ನು ಬಿಟ್ಟು ಮುಂದೆ ಹುಡುಕಿದನು. ಜ್ವರಕ್ಕೆ ಮೂರು ವಾರ ಮುಂಚೆ, ಆಗಸ್ಟ್ ೪ರಂದು, ಆ ಮನೆಗೆ ಹೊಸ ಅಡಿಗೆಯವಳು ಬಂದಿದ್ದಳು. ಆಕೆಯ ಹಿಂದಿನ ಚರಿತ್ರೆಯನ್ನು ತೆಗೆದು ನೋಡಲು, ಕೆಲಸ ಮಾಡಿದ ಎಂಟು ಮನೆಗಳಲ್ಲಿ ಏಳರಲ್ಲಿ ಟೈಫಾಯಿಡ್ ಬಂದಿದ್ದಿತು. ಬೇಯಿಸಿದ ಅಡಿಗೆಯಿಂದ ಕ್ರಿಮಿ ಸಾಯಬೇಕಲ್ಲವೆ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು: ಭಾನುವಾರಗಳಲ್ಲಿ ಆಕೆ ಹಸಿಯ ಪೀಚ್ ಹಣ್ಣನ್ನು ಕತ್ತರಿಸಿ ಹಾಕಿ ಮಾಡುತ್ತಿದ್ದ ಐಸ್‌ಕ್ರೀಮು ಆ ಮನೆಯವರಿಗೆ ಬಹು ಪ್ರಿಯವಾಗಿದ್ದಿತು.

ಸೋಪರನು ಆಕೆಯ ಅಡಿಗೆಯ ಮನೆಗೇ ಹೋಗಿ, ನಿನ್ನಿಂದ ರೋಗ ಹರಡುತ್ತಿದೆ, ನಿನ್ನ ರಕ್ತವನ್ನೂ ಮಲಮೂತ್ರಗಳನ್ನೂ ಪರೀಕ್ಷೆಗೆ ಕೊಡು ಎಂದು ಕೇಳಿದನು. ಅಪರಿಚಿತ ಗಂಡಸೊಬ್ಬನು ಬಂದು ದುಡಿಯುವ ಹೆಂಗಸನ್ನು ಹೀಗೆ ಕೇಳಿದರೆ ಆಕೆ ಏನು ಮಾಡುವಳು? ಮಾಂಸ ಕೊಯ್ಯುವ ಮುಳ್ಳುಚಮಚವನ್ನು ಹಿಡಿದು ಅಟ್ಟಿಸಿಕೊಂಡು ಹೋದಳು. ೧೯೦೭ರ ಮಾರ್ಚಿನಲ್ಲಿ ಜೋಸಫೀನ್ ಬೇಕರ್ ಎಂಬ ವೈದ್ಯೆ ಪೋಲೀಸರೊಡನೆ ಬಂದು, ಗಂಟೆಗಟ್ಟಲೆ ಹುಡುಕಿ, ಅಡಗಿದ್ದವಳನ್ನು ಹಿಡಿದು ಗಾಡಿಗೆ ಹಾಕಿದಳು. ಪರೀಕ್ಷೆಯಲ್ಲಿ ಕ್ರಿಮಿ ಕಂಡುಬಂದಿತು. ನದಿಯ ನಡುವಣ ನಾರ್ತ್ ಬ್ರದರ್ ದ್ವೀಪದಲ್ಲಿ ಆಕೆಯನ್ನಿಟ್ಟರು. ೧೯೦೯ರಲ್ಲಿ ಆಕೆ ನ್ಯಾಯಸ್ಥಾನಕ್ಕೆ ಮೊರೆಯಿಟ್ಟು ಸೋತಳು. ೧೯೧೦ರಲ್ಲಿ, ಇನ್ನು ಅಡಿಗೆ ಮಾಡುವುದಿಲ್ಲವೆಂಬ ವಾಗ್ದಾನದ ಮೇಲೆ ಬಿಡುಗಡೆಯಾಯಿತು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅದರ ಸಂಬಳ ಅಡಿಗೆಯ ಸಂಬಳಕ್ಕಿಂತ ಕಡಮೆ. ಕೆಲಕಾಲದ ಮೇಲೆ ಆಕೆ ಹೆಸರು ಮರೆಸಿಕೊಂಡು ಮತ್ತೆ ಸೌಟು ಹಿಡಿದಳು. ೧೯೧೫ರಲ್ಲಿ ನ್ಯೂಯಾರ್ಕಿನ ಒಂದು ಹೆರಿಗೆಯ ಆಸ್ಪತ್ರೆಯಲ್ಲಿ ೨೫ ಮಂದಿಗೆ ಟೈಫಾಯಿಡ್ ಬಂದು ಇಬ್ಬರು ಸತ್ತರು; ಅಡಿಗೆಯ ಮನೆಯಲ್ಲಿದ್ದ 'ಮಿಸೆಸ್ ಬ್ರೌನ್' ಎಂಬವಳು ಮೇರಿಯೇ ಆಗಿದ್ದಳು. ಪುನಃ ಅದೇ ದ್ವೀಪ. ೧೯೩೮ರ ನವೆಂಬರ್ ೧೧ರಂದು ಸಾಯುವವರೆಗೂ ಆಕೆ ಅಲ್ಲಿಯೇ ಇದ್ದಳು. ಎರಡು ಸಲದ ಸೆರೆಯೂ ಕೂಡಿ ಸುಮಾರು ೨೬ ವರ್ಷ.

ಇದರಲ್ಲಿ ತಪ್ಪು ಯಾರದು? ಸೋಪರನು ಹೇಳಿದುದು ನಿಜ. ಆ ಆಸ್ಪತ್ರೆಯಲ್ಲಿ ಸತ್ತ ಇಬ್ಬರ ಪ್ರಾಣವೂ ಪ್ರಾಣವೇ. ಎರಡನೆಯ ಸಲ ಆಕೆ ಆಜ್ಞೆಯನ್ನು ಮೀರಿದುದೂ ನಿಜ. ಆದರೆ ಅದೇ ಪಟ್ಟಣದಲ್ಲಿ ಆಮೇಲೆ ನೂರಾರು ರೋಗವಾಹಕರು ಪತ್ತೆಯಾದರು. ಆಲ್ಫಾನ್ಸ್ ಕಾಟಿಲ್ಸ್ ಎಂಬ ಉಪಾಹಾರಗೃಹದ ಯಜಮಾನನು ಆಜ್ಞೆ ಮೀರಿ ತಿಂಡಿ ಮಾಡುತ್ತಿದ್ದುದು ೧೯೨೪ರಲ್ಲಿ ಸಿಕ್ಕಿಬಿದ್ದರೂ ನ್ಯಾಯಾಧೀಶನು ಎಚ್ಚರಿಕೆ ಕೊಟ್ಟು ಬಿಟ್ಟುಬಿಟ್ಟನು. ಜೀವಾವಧಿ ದ್ವೀಪವಾಸವಾದುದು ಒಂಟಿಯಾದ, ಪರದೇಶದಿಂದ ಬಂದ, ಕೂಲಿಯ ಹೆಂಗಸೊಬ್ಬಳಿಗೆ. ತನ್ನ ಮೈಯಲ್ಲಿ ಯಾವ ನೋವೂ ಇಲ್ಲದಿರುವಾಗ, ನಿನ್ನ ಕೈಯೇ ವಿಷವೆಂದು ಹೇಳಿದರೆ ನಂಬುವುದು ಹೇಗೆ? ಆಕೆ ಕೊನೆಯವರೆಗೂ ನಂಬಲಿಲ್ಲ. ಕೈಗುಣದಿಂದಲೇ ಅನ್ನ ಸಂಪಾದಿಸಿದವಳಿಗೆ ಆ ಕೈಯನ್ನೇ ಬಿಡೆಂದು ಹೇಳಿದವರು, ಬಿಟ್ಟ ಮೇಲೆ ಹೊಟ್ಟೆಗೇನೆಂಬುದನ್ನು ಸಾಕಷ್ಟು ಯೋಚಿಸಲಿಲ್ಲ. ರೋಗವಾಹಕನು ಪಾಪಿಯಲ್ಲ; ಅವನೂ ಒಂದು ಕಾಲದಲ್ಲಿ ಮತ್ತೊಬ್ಬರ ಕೈಯಿಂದ ಆ ಕ್ರಿಮಿಯನ್ನು ಪಡೆದವನೇ. ಅವನಿಂದ ಜನವನ್ನು ಕಾಪಾಡುವುದು ಎಷ್ಟು ಅವಶ್ಯವೋ, ಅವನಿಗೆ ಮರ್ಯಾದೆಯ ಜೀವನವನ್ನು ಕಲ್ಪಿಸುವುದೂ ಅಷ್ಟೇ ಅವಶ್ಯ. ಎರಡನೆಯದನ್ನು ಮಾಡದಿದ್ದರೆ ಮೊದಲನೆಯದೂ ಕೆಡುವುದೆಂಬುದಕ್ಕೆ ಮೇರಿಯ ಕಥೆಯೇ ಸಾಕ್ಷಿ.

ಇದು ಸಮುದ್ರದಾಚೆಯ ಕಥೆಯೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. ನಾನು ಜ್ವರ ಬಿದ್ದ ವರ್ಷ ನಮ್ಮ ಬೀದಿಯಲ್ಲಿ ಏಳೆಂಟು ಮಕ್ಕಳು ಮಲಗಿದ್ದರು. ನಾಲ್ಕಾರು ಮನೆಗಳ ಪಾತ್ರೆ ತೊಳೆಯುತ್ತಿದ್ದ ವಿಧವೆಯೊಬ್ಬಳಿದ್ದಳು. ಆಕೆಯ ಗುಡಿಸಿಲಿನಲ್ಲಿಯೂ ಯಾರಿಗೋ ಜ್ವರವೆಂಬ ಸುದ್ದಿ ಹಬ್ಬಿತು. ಅಷ್ಟೇ ಸಾಕಾಯಿತು, ಒಂದೇ ವಾರದಲ್ಲಿ ಎಲ್ಲ ಮನೆಗಳ ಹಿತ್ತಿಲ ಬಾಗಿಲೂ ಆಕೆಗೆ ಮುಚ್ಚಿಹೋಯಿತು. ಯಾರೂ ಕೆಟ್ಟ ಮಾತಾಡಲಿಲ್ಲ. 'ನಾಳೆಯಿಂದ ಬೇಡ' ಎಂದರು, ಅಷ್ಟೇ. ಆಕೆಯ ಕಾಲೇ ಇಡದ ಮನೆಗಳಲ್ಲಿಯೂ ಜ್ವರ ಬಂದಾಗ ಜನಕ್ಕೆ ಆಶ್ಚರ್ಯವಾಯಿತು. ಮಳೆಗಾಲ ಕಳೆದ ಮೇಲೆ ಬೀದಿಯನ್ನು ಅಗೆದಾಗ, ಕುಡಿಯುವ ನೀರಿನ ಕೊಳವೆಯು ಮೋರಿಯ ಒಳಗಿನಿಂದಲೇ ಹಾದುಹೋಗಿರುವುದೂ, ಒಂದು ಕೀಲು ತುಕ್ಕು ಹಿಡಿದು ಬಾಯ್ದೆರೆದಿರುವುದೂ ಕಂಡುಬಂದಿತು. ನಲ್ಲಿ ನಿಂತಾಗ ಕೊಳವೆಯೊಳಗೆ ಒತ್ತಡವಿಲ್ಲದೆ ಹೊರಗಿನ ಕೊಳೆ ಒಳಕ್ಕೆ ಸೆಳೆಯಲ್ಪಡುವುದು. ಬೆಳಗ್ಗೆ ನೀರು ಬಿಟ್ಟಾಗ ಮೊದಲ ಬಿಂದಿಗೆಯಲ್ಲಿ ಅದೇ ಮನೆಗೆ ಬರುವುದು. ಕೊಳವೆಯನ್ನು ಸರಿಪಡಿಸಿದರು. ಆದರೆ ಆ ಹೆಂಗಸನ್ನು ಮರಳಿ ಕರೆದವರನ್ನು ನಾನು ಕಾಣೆ. ತುಕ್ಕು ಹಿಡಿದ ಕೊಳವೆಯನ್ನು ಬೈಯುವುದು ಕಷ್ಟ, ಅದಕ್ಕೆ ಮುಖವಿಲ್ಲ. ಹಿತ್ತಿಲಲ್ಲಿ ನಿಂತ ಬಡವಳಿಗೆ ಮುಖವುಂಟು.

ನಮ್ಮ ಹಿರಿಯರ ಮಡಿಯ ವಿಚಾರವನ್ನೂ ಇಲ್ಲಿ ಹೇಳಬೇಕು. ಸ್ನಾನ ಮಾಡಿ ಒಲೆ ಮುಟ್ಟುವುದು, ಎಂಜಲನ್ನು ದೂರವಿಡುವುದು, ಲೋಟವನ್ನು ತುಟಿಗೆ ತಾಕಿಸದೆ ಕುಡಿಯುವುದು, ಊಟಕ್ಕೆ ಒಂದು ಕೈ ಶೌಚಕ್ಕೆ ಇನ್ನೊಂದು ಕೈ ಎಂಬ ನಿಯಮ, ಇವುಗಳಲ್ಲಿ ಕ್ರಿಮಿಶಾಸ್ತ್ರ ಮೆಚ್ಚುವ ವಿವೇಕವುಂಟು. ತಾಮ್ರದ ಪಾತ್ರೆಯಲ್ಲಿ ರಾತ್ರಿಯೆಲ್ಲ ಇಟ್ಟ ನೀರಿನಲ್ಲಿ ಈ ಕ್ರಿಮಿ ಸಾಯುವುದೆಂದು ಬೆಂಗಳೂರಿನ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ್ದಾರೆ. ಕಾಯಿಸುವುದಕ್ಕೆ ಇದು ಬದಲಲ್ಲವಾದರೂ ಸಂತೋಷದ ಸಂಗತಿಯೇ. ಆದರೆ ಮಡಿಯು ಕೈಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೈಯವನ ಹುಟ್ಟನ್ನು ನೋಡಿತು. ನೂರು ಮಂದಿ ಮಿಂದ ಕಲ್ಯಾಣಿಯ ನೀರನ್ನು ತೀರ್ಥವೆಂದಿತು. ಸಾಬೂನಿನಿಂದ ತೊಳೆದ ಕೂಲಿಯ ಹೆಂಗಸಿನ ಕೈಯನ್ನು ಮೈಲಿಗೆಯೆಂದಿತು. ಕ್ರಿಮಿಯು ಕುಲವನ್ನು ಕೇಳುವುದಿಲ್ಲ. ಮಡಿಯ ಪಂಚೆಯುಟ್ಟು ಬಡಿಸುವವನ ಪಿತ್ತಕೋಶದಲ್ಲಿಯೂ ಅದು ಸುಖವಾಗಿ ನೆಲಸಬಲ್ಲುದು.

ಔಷಧದ ಮಾತನ್ನು ಬಿಡುವಂತಿಲ್ಲ. ೧೯೪೮ರಲ್ಲಿ ಮಲಯದ ಕೌಲಾಲಂಪುರದಲ್ಲಿ ಅಮೆರಿಕೆಯ ವೈದ್ಯರು ಕ್ಲೋರಾಂಫೆನಿಕಾಲ್ ಎಂಬ ಹೊಸ ಔಷಧವನ್ನು ಬೇರೊಂದು ಜ್ವರಕ್ಕೆಂದು ಪರೀಕ್ಷಿಸುತ್ತಿದ್ದರು. ಆ ಜ್ವರವೆಂದು ಭಾವಿಸಿ ಔಷಧ ಕೊಟ್ಟ ರೋಗಿಗಳಲ್ಲಿ ಕೆಲವರಿಗಿದ್ದುದು ವಾಸ್ತವವಾಗಿ ಟೈಫಾಯಿಡ್, ಅವರೂ ಗುಣಹೊಂದಿದರು. ಹೀಗೆ ಅನಿರೀಕ್ಷಿತವಾಗಿ ಬಂದ ವರದಿಂದಲೇ ಬಹುಶಃ ನಾನೂ ಬದುಕಿದೆನು. ಆದರೆ ೧೯೭೨ರಲ್ಲಿ ನಮ್ಮ ನೆರೆಯ ಕೋಳಿಕ್ಕೋಡಿನಲ್ಲಿ ಆ ಔಷಧಕ್ಕೆ ಬಗ್ಗದ ಕ್ರಿಮಿ ಕಾಣಿಸಿಕೊಂಡಿತು. ೨೦೧೬ರಲ್ಲಿ ಸಿಂಧದ ಹೈದರಾಬಾದಿನಲ್ಲಿ ಹೆಚ್ಚುಕಡಮೆ ಎಲ್ಲ ರೂಢಿಯ ಔಷಧಗಳನ್ನೂ ಮೀರಿದ ತಳಿಯೊಂದು ಹೊರಟಿತು. ಅದೃಷ್ಟದ ಲೀಲೆಯೋ ಏನೋ, ಅದನ್ನು ತಡೆಯಬಲ್ಲ ಹೊಸ ಲಸಿಕೆ ನಮ್ಮ ತೆಲಂಗಾಣದ ಹೈದರಾಬಾದಿನಲ್ಲಿ ತಯಾರಾಯಿತು. ಆರು ತಿಂಗಳ ಕೂಸಿಗೂ ಒಮ್ಮೆ ಕೊಟ್ಟರೆ ಸಾಕಾಗುವ ಆ ಲಸಿಕೆಗೆ ೨೦೧೭ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ದೊರೆಯಿತು. ಇಷ್ಟೆಲ್ಲ ಇದ್ದರೂ ೨೦೧೯ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ ೯೦ ಲಕ್ಷ ಜನಕ್ಕೆ ಈ ಜ್ವರ ಬಂದು ೧ ಲಕ್ಷ ೧೦ ಸಾವಿರ ಮಂದಿ ಸತ್ತರೆಂದು ಆ ಸಂಸ್ಥೆಯ ಅಂದಾಜು.

ಔಷಧವು ಬಿದ್ದವನನ್ನು ಎತ್ತುವುದು, ಲಸಿಕೆಯು ಬೀಳುವವನಿಗೆ ಊರುಗೋಲಾಗುವುದು. ಬೀಳಿಸುವ ಹಳ್ಳವನ್ನು ಮುಚ್ಚುವುದು ನೀರು ಮತ್ತು ಮೋರಿಯ ಕೆಲಸ. ಅಮೆರಿಕೆಯ ಲಾರೆನ್ಸ್ ಎಂಬ ಪಟ್ಟಣ ಕುಡಿಯುತ್ತಿದ್ದುದು, ಮೇಲಣ ಲೋವೆಲ್ ಪಟ್ಟಣದ ಕೊಳೆ ಬೀಳುತ್ತಿದ್ದ ಮೆರಿಮ್ಯಾಕ್ ನದಿಯನ್ನು. ೧೮೯೩ರಲ್ಲಿ ಅಲ್ಲಿ ಮರಳಿನ ಶೋಧಕವೊಂದನ್ನು ಕಟ್ಟಿದರು. ಟೈಫಾಯಿಡಿನ ಸಾವುಗಳು ಥಟ್ಟನೆ ಇಳಿದವು. ಔಷಧವಿರಲಿಲ್ಲ, ಲಸಿಕೆಯಿರಲಿಲ್ಲ, ಯಾವ ಅಡಿಗೆಯವಳನ್ನೂ ದ್ವೀಪಕ್ಕೆ ಅಟ್ಟಬೇಕಾಗಲಿಲ್ಲ.

ಗೃಹಸ್ಥರಾದ ನಾವು ಮಾಡಬಹುದಾದುದು ದೊಡ್ಡದೇನೂ ಅಲ್ಲ. ಕುಡಿಯುವ ನೀರು ಒಂದು ಸಲ ಚೆನ್ನಾಗಿ ಕುದಿಯಲಿ. ಶೌಚದ ಬಳಿಕವೂ ಅಡಿಗೆಗೆ ಮುಂಚೆಯೂ ಸಾಬೂನು ಸಿಗಲಿ, ಯಜಮಾನನಿಗೆ ಮಾತ್ರವಲ್ಲ, ಹಿತ್ತಿಲಲ್ಲಿ ದುಡಿಯುವವರಿಗೂ. ಅವರಿಗೂ ಉಪಯೋಗಿಸಲು ಒಂದು ಪಾಯಖಾನೆ ಇರಲಿ. ಮನೆಯಲ್ಲಿ ಜ್ವರ ಬಂದಾಗ, 'ಯಾರು ತಂದರು?' ಎಂದು ಕೇಳುವುದಕ್ಕೆ ಮೊದಲು, 'ನೀರು ಎಲ್ಲಿಂದ ಬಂದಿತು?' ಎಂದು ಕೇಳೋಣ. ಕೊಳವೆ ಒಡೆದಿದ್ದರೆ ಪುರಸಭೆಗೆ ಒಂದು ಕಾಗದ ಬರೆಯೋಣ. ಉತ್ತರ ಬಾರದಿದ್ದರೆ ಇನ್ನೊಂದು ಬರೆಯೋಣ. ಉಣಬಡಿಸುವ ಕೈಗೆ ಗುಣವಿರಬೇಕೆಂದು ಬಯಸುವವರು ಆ ಕೈಗೆ ಮೊದಲು ನೀರನ್ನು ಒದಗಿಸಿಕೊಡಬೇಕಾದುದು ನ್ಯಾಯ.